ಕೇರಿಯ ಮನೆಗೆ ನೂರು ವರ್ಷ ತುಂಬುವುದೆಂದು?

ನೀಲಗಿರಿಯ ಅಡಿಯಲ್ಲಿ, ಭವಾನಿ ನದಿಯ ದಡದ ಮೇಲೆ ನೆಲೆಸಿರುವ ಮೆಟ್ಟುಪಾಳ್ಯಂ ಪಟ್ಟಣವನ್ನು ಕನ್ನಡನಾಡಿನ ಪ್ರವಾಸಿಗಳು ಎರಡು ಕಾರಣಗಳಿಂದ ಬಲ್ಲರು: ಊಟಿಯಿಂದ ಕೊಯಮತ್ತೂರಿಗೆ ಇಳಿಯುವ ಘಟ್ಟದ ರಸ್ತೆ ಬಯಲನ್ನು ಮುಟ್ಟುವುದು ಅಲ್ಲಿ, ಹಲ್ಲುಹಳಿಯನ್ನು ಕಚ್ಚಿಕೊಂಡು ಕೂನೂರಿನ ಕಡೆಗೆ ಏರುವ ಪುಟ್ಟ ರೈಲು ಹೊರಡುವುದೂ ಅಲ್ಲಿಂದಲೇ. 1899ರಲ್ಲಿ ತೆರೆದ ಆ ರೈಲುಮಾರ್ಗಕ್ಕೆ 2005ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಸ್ಥಾನವನ್ನಿತ್ತಿತು. ಅಂದಿನಿಂದ ಅಲ್ಲಿಯ ಹಳೆಯ ಎಂಜಿನ್ನು, ಹಳೆಯ ಸೇತುವೆ, ಹಳೆಯ ನಿಲ್ದಾಣಗಳೆಲ್ಲ ಸಂರಕ್ಷಣೆಗೆ ಅರ್ಹವಾದ ವಸ್ತುಗಳೆನಿಸಿದುವು. ಅದು ಉಚಿತವೇ ಆಯಿತು. ಆದರೆ ಅದೇ ಪಟ್ಟಣದ ಸೆರಗಿನಲ್ಲಿ ನಡೂರು ಎಂಬ ಎಡೆಯಲ್ಲಿ ಅರುಂಧತಿಯರೆಂಬ ದಲಿತ ಸಮುದಾಯದ ಬಡ ಕೂಲಿಗಾರರು ವಾಸವಾಗಿದ್ದ ಕಾಲನಿಯೊಂದಿದ್ದು, 2019ರ ಡಿಸೆಂಬರ್ 2ರಂದು ಇನ್ನೂ ಬೆಳಕು ಹರಿಯುವ ಮುನ್ನ, ನೆರೆಯ ಸಿರಿವಂತರ ನಿವೇಶನದ ಸುಮಾರು 20 ಅಡಿ ಎತ್ತರದ ಕಲ್ಲುಗೋಡೆಯು ಜಡಿಮಳೆಯಲ್ಲಿ ನೆನೆದು, ಒರಗಿ, ಒಮ್ಮೆಲೇ ಆ ಸಾಲುಮನೆಗಳ ಮೇಲೆ ಕುಸಿದು, ನಿದ್ರೆಯಲ್ಲಿದ್ದ 17 ಮಂದಿಯನ್ನು, ಹೆಂಗಸರು ಮಕ್ಕಳೆನ್ನದೆ, ಅಪ್ಪಳಿಸಿ ಕೊಂದಿತು. ಆ ಗೋಡೆಯ ಉದ್ದೇಶವೇನೆಂಬ ವ್ಯಾಜ್ಯ ಏನೇ ಇರಲಿ, ಕೇರಿಯವರು ಮಾತ್ರ ಅದನ್ನು ಅಸ್ಪೃಶ್ಯತೆಯ ಗೋಡೆಯೆಂದೇ ಕರೆಯುತ್ತಿದ್ದರು. ಅದರ ಎತ್ತರವನ್ನು ಕಂಡು ಭಯಪಟ್ಟು ಮೊದಲೇ ದೂರನ್ನೂ ಹೇಳಿಕೊಂಡಿದ್ದರು.

ಆ ದುರಂತದ ವಿಷಯದಲ್ಲಿ ಪರಿಹಾರಧನದ ಮಾತು ಬಂದಿತು, ಬಂಧನದ ಮಾತು ಬಂದಿತು, ಪ್ರತಿಭಟನೆಯೂ ಲಾಠಿಯೂ ಬಂದುವು. ಬಾರದೆ ಉಳಿದುದು ಒಂದು ಮಾತು: ಅಲ್ಲಿ ಬಿದ್ದ ಮನೆಗಳು ಎಂಥ ಮನೆಗಳು, ಅವನ್ನು ಯಾರು ಯಾವಾಗ ಕಟ್ಟಿಕೊಂಡರು, ಊರಿನ ಒಳಗೆ ಅಲ್ಲದೆ ಅಲ್ಲಿಯೇ ಏತಕ್ಕೆ ಕಟ್ಟಿಕೊಂಡರು ಎಂಬ ಮಾತು. ಮನೆಗೊಂದು ಚರಿತ್ರೆಯುಂಟೆಂದು ನಾವು ಒಪ್ಪುವುದು ಅದಕ್ಕೆ ತೊಟ್ಟಿ, ಕಂಬ, ಕೆತ್ತನೆಯ ಬಾಗಿಲು ಇದ್ದಾಗ. ಇಲ್ಲವೆ ಅದರೊಳಗೆ ದಿವಾನರೋ ಕವಿಗಳೋ ವಾಸಮಾಡಿದ್ದಾಗ. ಕೇರಿಯ ಮನೆಯನ್ನು ಸಮಸ್ಯೆಯೆಂದು ಎಣಿಸಿ ಅಂಕಿ ಅಂಶಗಳ ಕೋಷ್ಟಕಕ್ಕೆ ಸೇರಿಸುವ ನಮ್ಮ ಬುದ್ಧಿಗೆ ಅದು ಚರಿತ್ರೆಯ ದಾಖಲೆಯೂ ಆಗಬಹುದೆಂಬುದು ಹೊಳೆದೇ ಇಲ್ಲ.

ಹೊಳೆದವರ ಒಂದು ದೃಷ್ಟಾಂತವನ್ನು ನೋಡಬಹುದು. ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್ ನಗರದಲ್ಲಿ ಜಾಕ್ಸನ್ ವಾರ್ಡ್ ಎಂಬ ಬಡಾವಣೆಯಿದೆ. ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯ ಜನರೂ ಅವರ ಸಂತಾನದವರೂ ಅಲ್ಲಿ ನೆಲೆಯೂರಿದರು; 1911ರಲ್ಲಿ ಆ ನಗರವು ಬಿಳಿಯರ ಬೀದಿಯಲ್ಲಿ ಕರಿಯರೂ ಕರಿಯರ ಬೀದಿಯಲ್ಲಿ ಬಿಳಿಯರೂ ಮನೆ ಮಾಡಬಾರದೆಂದು ಶಾಸನವನ್ನೇ ಬರೆಯಿತು. ನೋಡುವುದಕ್ಕೆ ಎರಡು ಪಕ್ಷಕ್ಕೂ ಸಮವಾದ ನಿಷೇಧ; ಬಲ್ಲವರಿಗೆ ಅದರ ಏಕಮುಖತೆ ತಿಳಿದೇ ಇತ್ತು. ಇಂತಹ ಶಾಸನಗಳನ್ನು 1917ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಅಸಿಂಧುವೆಂದು ಸಾರಿದರೂ, ಬೇಲಿ ಕಿತ್ತರೂ ಗಡಿ ಉಳಿಯುವಂತೆ, ಕ್ರಯಪತ್ರದ ಷರತ್ತುಗಳಿಂದಲೂ ಸಾಲ ಕೊಡುವವರ ಮೂಗುಮುರಿತದಿಂದಲೂ ಪ್ರತ್ಯೇಕತೆ ಬಾಳಿಕೊಂಡೇ ಬಂದಿತು. ಆ ಬಡಾವಣೆಯ ಲೀ ಬೀದಿಯಲ್ಲಿ ಮ್ಯಾಗಿ ವಾಕರ್ ಎಂಬ ಮಹಿಳೆಯ ಮನೆಯಿದೆ. ಆಕೆಯ ತಾಯಿ ಹಿಂದೆ ದಾಸಿಯಾಗಿದ್ದವಳು, ಬಳಿಕ ಬಟ್ಟೆ ಒಗೆದು ಮಕ್ಕಳನ್ನು ಸಾಕಿದವಳು. ಆ ಬಟ್ಟೆಗಂಟನ್ನು ಮನೆಮನೆಗೂ ಹೊತ್ತು ಕೊಡುತ್ತಿದ್ದ ಹುಡುಗಿಯೇ ಬೆಳೆದು, ಕರಿಯರ ಒಂದು ಪರಸ್ಪರ ಸಹಾಯ ಸಂಘದ ಮುಖ್ಯಸ್ಥಳಾಗಿ, 1902ರಲ್ಲಿ ಪತ್ರಿಕೆಯನ್ನೂ 1903ರಲ್ಲಿ ಪೆನ್ನಿಗಳನ್ನು ಕೂಡಿಡುವವರಿಗಾಗಿ ಒಂದು ಬ್ಯಾಂಕನ್ನೂ ಸ್ಥಾಪಿಸಿ, ಆ ದೇಶದಲ್ಲಿ ಬ್ಯಾಂಕಿಗೆ ಅಧಿಕಾರಪತ್ರ ಪಡೆದ ಪ್ರಥಮ ಮಹಿಳೆಯೆನಿಸಿದಳು. 1904ರಲ್ಲಿ ಕೊಂಡ ಆ ಮನೆಯನ್ನು ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಕೂಡಿದಂತೆಲ್ಲ ವಿಸ್ತರಿಸುತ್ತ ಹೋಗಿ 28 ಕೋಣೆಗಳ ಮನೆಯನ್ನಾಗಿಸಿದಳು. ಕಾಲುಗಳು ಸೋತು ಗಾಲಿಕುರ್ಚಿಯನ್ನು ಆಶ್ರಯಿಸಬೇಕಾಗಿ ಬಂದಾಗ 1928ರಲ್ಲಿ ಅದಕ್ಕೆ ಲಿಫ್ಟನ್ನೂ ಹಾಕಿಸಿದಳು. 1934ರಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದಳು. ಆಕೆಯ ಮನೆತನದವರು ಪೀಠೋಪಕರಣ, ಪುಸ್ತಕ, ಚಿತ್ರಪಟಗಳನ್ನು ಇದ್ದಂತೆಯೇ ಉಳಿಸಿಕೊಂಡಿದ್ದರು. 1978ರಲ್ಲಿ ಅದು ರಾಷ್ಟ್ರೀಯ ಚಾರಿತ್ರಿಕ ನಿವೇಶನವೆಂದು ಘೋಷಿತವಾಗಿ, ಮರುವರ್ಷ ಸರ್ಕಾರ ಅದನ್ನು ಕೊಂಡುಕೊಂಡಿತು. 1950ರ ದಶಕದಲ್ಲಿ ಹೆದ್ದಾರಿಯೊಂದು ಜಾಕ್ಸನ್ ವಾರ್ಡಿನ ಒಡಲನ್ನು ಸೀಳಿ ಹಾಯ್ದಿತ್ತು. ಅನೇಕ ಮನೆಗಳು ನೆಲಸಮವಾದುವು, ಲೀ ಬೀದಿಯ ಈ ಮನೆ ಉಳಿಯಿತು.

ಈ ಕಥೆಯನ್ನು ಹೇಳಿ ಅಮೆರಿಕವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅಲ್ಲಿಯೂ ಗೋಡೆಯುಂಟು. ಡೆಟ್ರಾಯಿಟ್ ನಗರದಲ್ಲಿ 1941ರಲ್ಲಿ, ಕರಿಯರ ವಸತಿಗೂ ಬಿಳಿಯರಿಗಾಗಿ ಕಟ್ಟಬೇಕೆಂದಿದ್ದ ಹೊಸ ಬಡಾವಣೆಗೂ ನಡುವೆ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಗೋಡೆಯೊಂದು ಎದ್ದಿತು. ಅದು ಎದ್ದ ಮೇಲೆಯೇ ಸರ್ಕಾರದ ವಸತಿಸಾಲಕ್ಕೆ ಆ ಬಡಾವಣೆ ಯೋಗ್ಯವೆನಿಸಿದ್ದು. ಆ ಗೋಡೆ ಇಂದೂ ಅಲ್ಲಿದೆ. 2006ರಲ್ಲಿ ನೆರೆಯವರು ಅದರ ಮೇಲೆ ಚಿತ್ರಗಳನ್ನು ಬರೆದರು. ಜಾತಿಗೂ ವರ್ಣಕ್ಕೂ ಸಾಮ್ಯ ಹೇಳುವುದು ಅತಿಯಾಯಿತೆನ್ನುವವರು, ಮಾರ್ಟಿನ್ ಲೂಥರ್ ಕಿಂಗ್ ತಾವೇ ಹೇಳಿಕೊಂಡ ಪ್ರಸಂಗವನ್ನು ನೆನೆಯಬಹುದು: 1959ರಲ್ಲಿ ಕೇರಳದ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ತಮ್ಮನ್ನು ಅಮೆರಿಕದಿಂದ ಬಂದ ಅಸ್ಪೃಶ್ಯರೆಂದು ಪರಿಚಯಿಸಿದಾಗ ಮೊದಲು ಕಸಿವಿಸಿಯಾಯಿತೆಂದೂ, ಮರುಗಳಿಗೆಯಲ್ಲಿ ಅದು ಸತ್ಯವೆಂದು ತೋರಿತೆಂದೂ ಅವರು ಮುಂದೆ ತಮ್ಮ ಸಭೆಗೆ ಹೇಳಿದರು. ಸಾಮ್ಯ ಉಂಟು. ನಾನು ಹೇಳಹೊರಟಿರುವುದು ಭೇದದ ವಿಷಯ.

ಭೇದವಿರುವುದು ಒಂದು ಕಾಗದದಲ್ಲಿ. ಮ್ಯಾಗಿ ವಾಕರ್ ಆ ಮನೆಯನ್ನು ಕೊಂಡಳು, ಕ್ರಯಪತ್ರ ಆಕೆಯದಾಗಿತ್ತು. ಆಕೆಯ ಬ್ಯಾಂಕಿನ ಸಾಲದಿಂದ ನೂರಾರು ಕುಟುಂಬದವರು ತಮ್ಮ ತಮ್ಮ ಮನೆಗಳಿಗೆ ಒಡೆಯರಾದರು. ಪ್ರತ್ಯೇಕಿಸಲ್ಪಟ್ಟ ಬೀದಿಯಲ್ಲಿ ಸೆರೆಯಾಗಿದ್ದರೂ ಆ ಬೀದಿಯ ನೆಲ ತಮ್ಮದೆಂಬ ಹಕ್ಕು ಅವರಲ್ಲಿ ಕೆಲವರಿಗಾದರೂ ಇದ್ದುದರಿಂದಲೇ, ತಂದೆಯ ಮನೆಯನ್ನು ಮಗ, ಅಜ್ಜಿಯ ಮಂಚವನ್ನು ಮೊಮ್ಮಗಳು ಜೋಪಾನ ಮಾಡುವುದು ಸಾಧ್ಯವಾಯಿತು; ಮನೆಗೆ ಚರಿತ್ರೆ ಬರುವುದು ಈ ಜೋಪಾನದಿಂದ. ನಮ್ಮ ಕೇರಿಗಳಿಗೆ ಆ ಕಾಗದವನ್ನು ನಾವು ಕೊಡಲಿಲ್ಲ.

ಮೆಟ್ಟುಪಾಳ್ಯಂ ಸೇರಿದ ಕೊಂಗುನಾಡಿನ ಸ್ಥಿತಿಯನ್ನೇ ನೋಡಿ. ಇಂದಿನ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಬಹುಭಾಗ ಮಳೆ ಕಡಮೆಯಾದ ಕಪ್ಪು ಕೆಂಪು ನೆಲ. ಬಾವಿ ತೋಡಿ ನೀರೆತ್ತಿದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಎತ್ತುಗಳನ್ನು ಇಳಿಜಾರಿನಲ್ಲಿ ನಡಸಿ ನೀರೆಳೆಯುವ ಕಪಿಲೆಗೆ ತೊಗಲಿನ ಚೀಲವನ್ನು ಹೊಲಿದು ಕೊಡುತ್ತಿದ್ದವರು, ಹರಿದಾಗ ತೇಪೆ ಹಾಕುತ್ತಿದ್ದವರು ಈ ಅರುಂಧತಿಯರು. ಅವರ ಬೆರಳುಗಳಿಲ್ಲದೆ ಒಕ್ಕಲಿನವನ ತೋಟಕ್ಕೆ ಹನಿ ನೀರು ಏರುತ್ತಿರಲಿಲ್ಲ. ಅವರಲ್ಲಿ ಹೆಚ್ಚಿನವರು ಮನೆಯೊಳಗೆ ತೆಲುಗನ್ನೂ ಕೆಲವರು ಕನ್ನಡವನ್ನೂ ಆಡುವವರು. ನಮ್ಮ ದೇವಾಂಗ ನೇಕಾರರೂ ಒಕ್ಕಲಿಗರೂ ಅತ್ತ ಹೋಗಿ ನೆಲೆಸಿದ ಕಥೆಯನ್ನು ಅಭಿಮಾನದಿಂದ ಹೇಳಿಕೊಳ್ಳುವ ನಾವು, ಕನ್ನಡವನ್ನೇ ಆಡುತ್ತ ಅದೇ ಊರುಗಳ ಹೊರಗೆ, ಅಲ್ಲಿ ಚೇರಿ ಎನ್ನುವ ಕೇರಿಯಲ್ಲಿ ಕುಳಿತವರನ್ನು ಹೊರನಾಡ ಕನ್ನಡಿಗರ ಲೆಕ್ಕಕ್ಕೆ ಸೇರಿಸಿದ್ದು ವಿರಳ. ವರ್ಷಕ್ಕಿಷ್ಟು ಕಾಳು, ಹಬ್ಬಕ್ಕೊಂದು ಬಟ್ಟೆ, ಒಡೆಯನ ನೆಲದ ಮೂಲೆಯಲ್ಲೊಂದು ಗುಡಿಸಲು, ಇದು ಪಣ್ಣೆಯಾಳಿನ, ಎಂದರೆ ಒಡೆಯನ ಹೊಲಕ್ಕೆ ಕಟ್ಟುಬಿದ್ದ ಆಳಿನ, ಒಡಂಬಡಿಕೆ. ಗುಡಿಸಲು ಅವನದು, ನೆಲ ಅವನದಲ್ಲ. ಒಡೆಯನಿಗೆ ಸಿಟ್ಟು ಬಂದ ದಿನ ಸೂರೂ ಹೋದೀತು. 1930ರ ದಶಕದಲ್ಲಿ ಪೈಕಾರಾ ಜಲವಿದ್ಯುತ್ತು ಬಂದಿತು, ಬಾವಿಗಳಿಗೆ ಪಂಪುಗಳು ಬಂದುವು, ನೂಲಿನ ಗಿರಣಿಗಳು ಬೆಳೆದುವು, ತೊಗಲಿನ ಚೀಲ ಕ್ರಮೇಣ ಮೂಲೆಗೆ ಬಿದ್ದಿತು. ಅದನ್ನು ಹೊಲಿಯುತ್ತಿದ್ದವನ ಗುಡಿಸಲು ಇದ್ದಲ್ಲಿಯೇ ಇದ್ದಿತು.

ಸರ್ಕಾರದ ಕಂದಾಯ ದಾಖಲೆಗಳಲ್ಲಿಯೂ ಈ ಭೇದ ಅಚ್ಚೊತ್ತಿದೆ: ಊರಿನ ವಸತಿಯ ನೆಲವೊಂದು ನತ್ತಂ, ಚೇರಿಯದು ಬೇರೊಂದು ನತ್ತಂ. 1891ರಲ್ಲಿ ಚೆಂಗಲ್ಪಟ್ಟಿನ ಕಲೆಕ್ಟರಾಗಿದ್ದ ಟ್ರೆಮೆನ್‌ಹೀರ್, ಕೆಳಗೆ ತಳ್ಳಲ್ಪಟ್ಟವರಿಗೆ ನೆಲವಿಲ್ಲದಿರುವುದೇ ಅವರ ದಾಸ್ಯದ ಬೇರೆಂದು ವರದಿ ಬರೆದುದರಿಂದ, ಮರುವರ್ಷ ಮದ್ರಾಸ್ ಸರ್ಕಾರವು ಅವರಿಗೆಂದೇ ಮೀಸಲಾದ ಪಂಚಮಿ ಭೂಮಿಯ ಹಂಚಿಕೆಗೆ ಆಜ್ಞೆ ಹೊರಡಿಸಿತು. ಅನ್ಯರಿಗೆ ಮಾರಬಾರದೆಂಬ ಕಟ್ಟಿದ್ದರೂ ಆ ಭೂಮಿಯಲ್ಲಿ ಬಹಳಷ್ಟು ಪರರ ಕೈ ಸೇರಿತು. ಅದನ್ನು ಮರಳಿ ಪಡೆಯುವ ಹೋರಾಟ ಇಂದಿಗೂ ನಡೆದಿದೆ. ಇದನ್ನು ಪರರಾಜ್ಯದ ಸುದ್ದಿಯೆಂದು ಓದುವ ಹಕ್ಕು ನಮಗಿಲ್ಲ: ನಮ್ಮ ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಇದೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮಂಜೂರಾದ ಭೂಮಿ ಪರರ ಪಾಲಾಗುವುದನ್ನು ತಡೆಯಲು ನಾವೂ 1978ರಲ್ಲಿ ಒಂದು ಕಾಯಿದೆಯನ್ನು ಮಾಡಬೇಕಾಗಿ ಬಂದಿತಷ್ಟೆ.

ಇನ್ನು ಸ್ಮಾರಕಗಳ ನ್ಯಾಯ. 1958ರ ಕೇಂದ್ರ ಶಾಸನದಂತೆ ಒಂದು ಕಟ್ಟಡವು ಪ್ರಾಚೀನ ಸ್ಮಾರಕವೆನಿಸಿಕೊಳ್ಳಬೇಕಾದರೆ ಅದಕ್ಕೆ ಕಡಮೆಯೆಂದರೆ ನೂರು ವರ್ಷ ತುಂಬಿರಬೇಕು. ನಿಯಮ ನಿಷ್ಪಕ್ಷಪಾತವಾದುದೆಂದು ತೋರುತ್ತದೆ. ಆದರೆ ಮಣ್ಣಿನ ಗೋಡೆ, ತಾಳೆಗರಿಯ ಹೊದಿಕೆ, ಎರಡು ಮಳೆಗಾಲಕ್ಕೊಮ್ಮೆ ಹೊಸತು ಮಾಡಲೇಬೇಕಾದ ಸೂರು, ಇವುಗಳಿಂದಾದ ಮನೆಗೆ ನೂರು ವರ್ಷ ತುಂಬುವುದೆಂದು? ದಕ್ಷಿಣದ ಹಲವೆಡೆ ಕೇರಿಯವರು ಹೆಂಚು ಹೊದಿಸಬಾರದು, ಮಹಡಿ ಎತ್ತಬಾರದು ಎಂಬ ಕಟ್ಟುಪಾಡುಗಳಿದ್ದುವು. ಬಾಳಿಕೆ ಬರುವ ಮನೆಯನ್ನು ಕಟ್ಟಗೊಡದೆ, ಬಾಳಿಕೆಯಿಲ್ಲದುದರಿಂದ ನಿನ್ನ ಮನೆ ಸ್ಮಾರಕವಾಗದೆನ್ನುವ ತರ್ಕವನ್ನು ನಾವು ಗಮನಿಸದೆಯೇ ನಡಸಿಕೊಂಡು ಬಂದಿದ್ದೇವೆ.

ಅಥವಾ, ನಿಜವಾಗಿ ನೋಡಿದರೆ, ನೂರು ವರ್ಷವೆಂಬುದು ನಮ್ಮ ಮನಸ್ಸು ಬಾರದಾಗ ಮುಂದೊಡ್ಡುವ ನೆಪ. ಮೈಸೂರಿನ ಯಾದವಗಿರಿಯ ಆರ್. ಕೆ. ನಾರಾಯಣರ ಮನೆ ಸ್ವಾತಂತ್ರ್ಯಾನಂತರದ ಕಟ್ಟಡ. 2011ರಲ್ಲಿ ಅದನ್ನು ಕೆಡವತೊಡಗಿದಾಗ ನಾಡಿನಲ್ಲಿ ಕೂಗೆದ್ದು, ಸರ್ಕಾರ ಅದನ್ನು ಕೊಂಡು, ದುರಸ್ತಿ ಮಾಡಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದೂ ಒಳ್ಳೆಯದೇ. ಕುಪ್ಪಳಿಯ ಕವಿಮನೆ, ಪುತ್ತೂರಿನ ಬಾಲವನ, ಧಾರವಾಡದ ಸಾಧನಕೇರಿಯ ಬೇಂದ್ರೆಯವರ ಮನೆ, ಇವನ್ನು ಉಳಿಸಿಕೊಂಡುದಕ್ಕಾಗಿ ಕನ್ನಡಿಗರು ಹೆಮ್ಮೆಪಡಬಹುದು; ಇವಾವುವೂ ಹೊಲಗೇರಿಯ ಒಳಗಿನ ಮನೆಗಳಲ್ಲ. ಅಂಬೇಡ್ಕರರು ಲಂಡನ್ನಿನಲ್ಲಿ ಓದುವಾಗ ತಂಗಿದ್ದ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡುಕೊಂಡಿತು. ಅದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ, ಆದರೂ ಲಂಡನ್ನಿನವರೆಗೆ ಹೋಗಿಬರುವ ಈ ಶ್ರದ್ಧೆಗೆ, ಅಂಬೇಡ್ಕರರ ಹೆಸರಿನ ಯಾವುದೇ ಒಂದು ಕೇರಿಯ ಮನೆಯ ಹೊಸ್ತಿಲವರೆಗೆ ಬರುವ ದಾರಿ ಮಾತ್ರ ದೂರವೆನಿಸುತ್ತದೆ.

ಇದಕ್ಕೆ ಬಲವಾದ ಒಂದು ಆಕ್ಷೇಪವುಂಟು. ಅದು ಬರುವುದು ಕೇರಿಯ ಒಳಗಿನಿಂದಲೇ ಆದ್ದರಿಂದ ಅದನ್ನು ಹಗುರವಾಗಿ ಕಾಣಲಾಗದು. ನಮ್ಮ ತಂದೆತಾಯಿಗಳು ಸೋರುವ ಸೂರಿನ ಕೆಳಗೆ ಕೊಳೆತದ್ದು ಸಾಲದೆ, ಆ ಸೂರನ್ನು ನೀವು ಬಂದು ನೋಡಿ ಮರುಗುವುದಕ್ಕಾಗಿ ಉಳಿಸಬೇಕೇ? ನಮಗೆ ಬೇಕಾದುದು ಕಾಂಕ್ರೀಟಿನ ಮನೆ, ನಲ್ಲಿ, ಚರಂಡಿ, ಮಗಳಿಗೆ ಓದುವುದಕ್ಕೊಂದು ಕೋಣೆ, ನಿಮ್ಮ ವಸ್ತುಸಂಗ್ರಹಾಲಯವಲ್ಲ. ಈ ಮಾತಿನಲ್ಲಿ ಕೋಪ ಮಾತ್ರವಲ್ಲ, ವಿವೇಕವೂ ಇದೆ. ದಾರಿದ್ರ್ಯವನ್ನು ಚಿತ್ರಪಟದಂತೆ ಚೌಕಟ್ಟಿನೊಳಗೆ ಕೂರಿಸಿ ಆಸ್ವಾದಿಸುವ ಚಪಲ ವಿದ್ಯಾವಂತರಲ್ಲಿ ಇಲ್ಲದೆ ಇಲ್ಲ. ಸಂರಕ್ಷಣೆಯ ಹೆಸರಿನಲ್ಲಿ ಒಬ್ಬನ ಮನೆ ರಿಪೇರಿಯನ್ನು ತಡೆದರೆ ಅದು ಹೊಸ ಬಗೆಯ ಅಸ್ಪೃಶ್ಯತೆಯೇ ಸರಿ. ಆದರೆ ರಿಚ್ಮಂಡಿನ ಮನೆ ಹೇಳುವುದು ದಾರಿದ್ರ್ಯದ ಕಥೆಯನ್ನಲ್ಲ. ಪ್ರತ್ಯೇಕಿಸಿದ ಬೀದಿಯಲ್ಲಿಯೂ ಜನ ಸಂಘ ಕಟ್ಟಿದರು, ಪತ್ರಿಕೆ ನಡಸಿದರು, ಬ್ಯಾಂಕು ತೆರೆದರು, ಮೊಮ್ಮಕ್ಕಳಿಗೆ ಪಿಯಾನೋ ಕಲಿಸಿದರೆಂಬ ಕಥೆಯನ್ನು ಅದು ಹೇಳುತ್ತದೆ. ನಮ್ಮ ಕೇರಿಗಳಲ್ಲಿಯೂ ಅಂತಹ ಮನೆಗಳಿವೆ: ಮೊತ್ತಮೊದಲು ಎಸ್ಸೆಸ್ಸೆಲ್ಸಿ ದಾಟಿದವನ ಮನೆ, ಗಿರಣಿಯ ಸಂಘದ ಚಂದಾ ಬರೆಯುತ್ತಿದ್ದವನ ಮನೆ, ಚಹದಂಗಡಿಯ ಎರಡು ಲೋಟದ ಪದ್ಧತಿಯನ್ನು ಧಿಕ್ಕರಿಸಿ ಬಂದವನನ್ನು ಹೊಡೆತದಿಂದ ಕಾಪಾಡಿ ಬಚ್ಚಿಟ್ಟ ಮನೆ. ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ ‘ಊರು ಕೇರಿ’ ಎಂದು ಹೆಸರಿಟ್ಟರು. ಆ ಪುಸ್ತಕವನ್ನು ಪಠ್ಯವಾಗಿಸಿಕೊಂಡು ಓದಿದ ನಾವು ಅದರೊಳಗಿನ ಮನೆಗಳು ಎಲ್ಲಿವೆಯೆಂದು ಹುಡುಕಹೊರಡಲಿಲ್ಲ.

ಕೇರಿಯನ್ನು ಉಳಿಸುವ ಬದಲು ಕೇರಿಯೇ ಇಲ್ಲದಂತೆ ಮಾಡೋಣವೆಂಬವರೂ ಇದ್ದಾರೆ. ತಮಿಳುನಾಡು 1997ರಲ್ಲಿ ಪೆರಿಯಾರರ ಹೆಸರಿನಲ್ಲಿ ಆರಂಭಿಸಿದ ಸಮತ್ತುವಪುರಂ ಯೋಜನೆ ಆ ದಿಕ್ಕಿನಲ್ಲಿ ಇಟ್ಟ ಹೆಜ್ಜೆ: ಒಂದೊಂದು ವಸತಿಯಲ್ಲಿ ನೂರು ಮನೆ, ಅದರಲ್ಲಿ 40 ದಲಿತರಿಗೆ, ಉಳಿದವು ಇತರ ಜಾತಿಗಳವರಿಗೆ, ಎಲ್ಲರಿಗೂ ಒಂದೇ ಬೀದಿ, ಒಂದೇ ಸ್ಮಶಾನ. ನಮ್ಮ ರಾಜ್ಯದಲ್ಲಿ ಅಷ್ಟು ಧೈರ್ಯದ ವಸತಿಯೋಜನೆ ಹುಟ್ಟಲಿಲ್ಲವೆಂದು ನಾಚಿಕೆಯಿಂದಲೇ ಒಪ್ಪಬೇಕು. ಆದರೂ ನೂರು ಮನೆಯ ವಸತಿ ಹಳೆಯ ಊರಿನ ಹೊರಗೆ ಮೂರನೆಯದೊಂದು ಊರಾಗಿ ನಿಲ್ಲುವುದೇ ಹೊರತು, ಊರಿನ ಒಡಲೊಳಗಿನ ಗೆರೆಯನ್ನು ಅದು ಅಳಿಸದು.

ತಿರುಪ್ಪೂರಿನಲ್ಲಿ ಈ ಗೆರೆ ಅಳಿಯುವುದೆಂಬ ನಿರೀಕ್ಷೆಯಿತ್ತು. ಬನಿಯನ್ ಕಂಪನಿಗಳ ಆ ನಗರಕ್ಕೆ ಹಳ್ಳಿಗಳಿಂದ ಬಂದವರು ಸಾಲು ಕೋಣೆಗಳ ಲೈನ್ ಮನೆಗಳಲ್ಲಿ ಯಾರ ಪಕ್ಕದಲ್ಲಿ ಯಾರೆಂದು ನೋಡದೆ ತುಂಬಿಕೊಂಡರು. ಯಂತ್ರಕ್ಕೆ ಜಾತಿಯಿಲ್ಲವೆಂಬ ಮಾತೂ ಹುಟ್ಟಿತು. ಆದರೆ 2018ರ ಜುಲೈಯಲ್ಲಿ ಅದೇ ಜಿಲ್ಲೆಯ ಅವಿನಾಶಿಯ ಬಳಿಯ ಸರ್ಕಾರಿ ಶಾಲೆಯಲ್ಲಿ ದಲಿತ ಮಹಿಳೆಯೊಬ್ಬರು ಬಿಸಿಯೂಟ ಬೇಯಿಸಬಾರದೆಂದು ಗದ್ದಲವೆದ್ದಿತು. ಹದಿನೈದು ಇಪ್ಪತ್ತು ಕಿಲೋಮೀಟರು ಆಚೆಗೆ ಜಗತ್ತಿಗೆಲ್ಲ ಅಂಗಿ ಹೊಲಿಯುವ ಕಾರ್ಖಾನೆಗಳು, ಈಚೆಗೆ ಇದು. ಬಾಡಿಗೆ ಮನೆ ಕೇಳಹೋದವನನ್ನು “ನೀವು ಯಾವ ಪೈಕಿ?” ಎಂದು ಸುತ್ತಿ ಬಳಸಿ ವಿಚಾರಿಸುವ ಬೆಂಗಳೂರಿನವರು ಇದನ್ನು ಕಂಡು ಆಶ್ಚರ್ಯಪಡುವಂತಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು ಪಟ್ಟಾ. ಕೇರಿಯಲ್ಲಿ ಮೂರು ತಲೆಮಾರಿನಿಂದ ಬಾಳಿದ ಮನೆಯ ನೆಲ ಆ ಮನೆಯವರ ಹೆಸರಿಗೆ ಬಾರದೆ, ಅದರ ಚರಿತ್ರೆಯ ಮಾತನ್ನಾಡುವುದು ಪರಿಹಾಸವಾಗುತ್ತದೆ. ಗೋಡೆಗಳ ವಿಷಯದಲ್ಲಿ ಜಿಲ್ಲಾಡಳಿತಗಳು ದೂರು ಬರುವವರೆಗೆ ಕಾಯಬಾರದು. ಮದುರೆ ಜಿಲ್ಲೆಯ ಉತ್ತಪುರದಲ್ಲಿ ಊರಿಗೂ ದಲಿತರ ವಸತಿಗೂ ನಡುವೆ ಎದ್ದಿದ್ದ ಗೋಡೆಯ ಒಂದು ಭಾಗವನ್ನು 2008ರ ಮೇಯಲ್ಲಿ ಕೆಡವಿದ್ದು ಅಧಿಕಾರಿಗಳೇ. ಮನಸ್ಸು ಮಾಡಿದರೆ ಆಗುವ ಕೆಲಸವೆಂಬುದಕ್ಕೆ ಅದು ಸಾಕ್ಷಿ, ಅದಕ್ಕೆ ಎಷ್ಟು ಕಾಲದ ಚಳವಳಿ ಬೇಕಾಯಿತೆಂಬುದು ಇನ್ನೊಂದು ಸಾಕ್ಷಿ. ನಡೂರಿನಲ್ಲಿ ಕುಸಿದ ಗೋಡೆಯ ಜಾಗದಲ್ಲಿ ಸತ್ತವರ ಹೆಸರುಗಳು ಸರ್ಕಾರದ ವೆಚ್ಚದಲ್ಲಿ ಕಲ್ಲಿನ ಮೇಲೆ ನಿಲ್ಲಬೇಕು. ಊಟಿಯ ರೈಲನ್ನು ನೋಡಬಂದವರಿಗೆ ಮಾರುವ ನಕ್ಷೆಯಲ್ಲಿ ಆ ಜಾಗವೂ ಗುರುತಾಗಲಿ ಎಂದರೆ ಪ್ರವಾಸೋದ್ಯಮ ಇಲಾಖೆ ಮುಖ ಸಿಂಡರಿಸಬಹುದು, ಸಿಂಡರಿಸಲಿ.

ಸ್ಮಾರಕಗಳ ಶಾಸನಕ್ಕೂ ಒಂದು ತಿದ್ದುಪಡಿ ಬೇಕು. ನೂರು ವರ್ಷದ ಲೆಕ್ಕ ಕಲ್ಲಿನ ಕಟ್ಟಡಗಳಿಗಿರಲಿ. ಬಾಳಿಕೆಯ ಸಾಮಗ್ರಿಯಿಂದ ಮನೆ ಕಟ್ಟಲು ಅಡ್ಡಿಯಿದ್ದವರ ವಸತಿಗಳಿಗೆ ವಯಸ್ಸಿನ ಬದಲು ಮಹತ್ವವೇ ಅಳತೆಯಾಗಲಿ. ಹಾಗೆ ಆದರೆ ಮೊದಲು ಆರಿಸಬಹುದಾದುದು ಗುಡಿಸಲು ಕೂಡ ಅಲ್ಲ, ಅದರ ನಂತರ ಬಂದ ಮನೆ: 1970, 80ರ ದಶಕಗಳಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ಒಂದು ಕೋಣೆ, ಒಂದು ಜಗುಲಿ, ಒಂದು ಗೂಡಿನ ಮನೆ, ಅಲ್ಲಿ ತೊಗುಪ್ಪು ವೀಡು ಎನಿಸಿಕೊಳ್ಳುವುದು, ನಮ್ಮಲ್ಲಿ ಜನತಾ ಮನೆ. ಅವುಗಳಲ್ಲಿ ಬಹಳಷ್ಟು ಈಗಾಗಲೇ ಬಿರುಕುಬಿಟ್ಟು, ಹೊಸ ಮನೆಗಳಿಗೆ ಜಾಗ ಬಿಟ್ಟುಕೊಡುತ್ತಿವೆ, ಬಿಟ್ಟುಕೊಡಲಿ. ಆದರೆ ಕೊಯಮತ್ತೂರು ಜಿಲ್ಲೆಯಲ್ಲಿ ಒಂದು, ತಿರುಪ್ಪೂರಿನಲ್ಲಿ ಒಂದು, ಕೊಳ್ಳೇಗಾಲದ ಕಡೆ ಒಂದು, ಆ ಮನೆಯವರು ಒಪ್ಪಿದಲ್ಲಿ, ತಕ್ಕ ಬೆಲೆಯನ್ನೂ ಬೇರೊಂದು ಮನೆಯನ್ನೂ ಅವರಿಗೆ ಕೊಟ್ಟು, ಅವರ ಮಕ್ಕಳನ್ನೇ ಅದರ ಮೇಲ್ವಿಚಾರಕರನ್ನಾಗಿ ನೇಮಿಸಿ ಉಳಿಸಿಕೊಳ್ಳುವುದು ಖಜಾನೆಗೆ ಭಾರವಾಗುವ ಕೆಲಸವಲ್ಲ. ಆ ಮನೆಗಳ ತಳಪಾಯ ತೋಡಿದವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. ಕಂತ್ರಾಟುದಾರ ಸಿಮೆಂಟಿನಲ್ಲಿ ಎಷ್ಟು ಕದ್ದ, ಪಟ್ಟಾ ಕೊಡಲು ಬಂದ ತಹಸೀಲ್ದಾರರು ಜಗುಲಿಯ ಮೇಲೆ ಕುಳಿತರೋ ನಿಂತೇ ಹೊರಟರೋ, ಎಂಬುದೆಲ್ಲ ಅವರಿಗೆ ನೆನಪಿದೆ, ಕೇಳಿದರೆ ಹೇಳುತ್ತಾರೆ.